ಒಂದನೇ ತರಗತಿ, ಮಕ್ಕಳ ಸಂಖ್ಯೆ: ಒಂದು

ಮೇ ೨, ಶುಕ್ರವಾರ

ಇಲಾಖೆಯ ಪತ್ರ ಬಂತು. ಮುಂದಿನ ವರ್ಷ ಒಂದನೇ ತರಗತಿಯ ಮಕ್ಕಳು ಏನೇನು ಕಲಿಯಲಿದ್ದಾರೆ ಎಂಬುದನ್ನು ತಿಂಗಳುವಾರು ಬರೆದು, ಮಕ್ಕಳ ಸಂಖ್ಯೆಯ ಸಮೇತ ಇಪ್ಪತ್ತೇಳನೇ ತಾರೀಖಿನೊಳಗೆ ಕಳಿಸಬೇಕಂತೆ. ಕೆಳಗೆ ಇನ್ಸ್‌ಪೆಕ್ಟರು ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದ್ದಾರೆ: ‘ಒಂದು ಮಗು ಇದ್ದರೂ ಶಾಲೆ ಇರುತ್ತದೆ. ಅದೂ ಇಲ್ಲದಿದ್ದರೆ ನಾನೇನೂ ಮಾಡಲಾರೆ.’

ಹೋದ ವರ್ಷ ಮೂವರಿದ್ದರು. ಇಬ್ಬರು ದೊಡ್ಡ ಶಾಲೆಗೆ ಹೋಗುವಷ್ಟು ಬೆಳೆದರು. ಮೂರನೆಯವನ ಅಪ್ಪನಿಗೆ ವರ್ಗವಾಯಿತು. ನದಿಯಿಂದ ಪಟ್ಟಣಕ್ಕೆ ನೀರೆತ್ತುವ ಈ ಪಂಪ್‌ಹೌಸಿನಲ್ಲಿ ಒಂದು ಕಾಲಕ್ಕೆ ಅರವತ್ತು ಜನ ಕೆಲಸ ಮಾಡುತ್ತಿದ್ದರು. ಈಗ ನಾಲ್ಕು ಜನ ಮತ್ತು ಪಂಪುಗಳನ್ನು ತಾನೇ ನಡೆಸುವ ಒಂದು ಪ್ಯಾನೆಲ್ಲು. ಕಾಲೊನಿಯ ನಲವತ್ತೆಂಟು ಮನೆಗಳಲ್ಲಿ ಐದರ ಕಿಟಕಿಗೆ ಮಾತ್ರ ಪರದೆ ಇದೆ. ಅದರಲ್ಲೊಂದು ನನ್ನದು. ಶಾಲೆ ಹೋದರೆ ಮನೆಯೂ ಹೋಗುತ್ತದೆ.

ಯೋಜನೆ ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಇಪ್ಪತ್ಮೂರು ವರ್ಷ ಬರೆದಿದ್ದೇನೆ. ಬೇಕಾಗಿರುವುದು ಒಂದು ಮಗು.

ಮೇ ೪, ಭಾನುವಾರ

ಪಂಪ್ ಆಪರೇಟರ ಮನೆಗೆ ಹೋಗಿದ್ದೆ. ಅವರ ಮಗಳಿಗೆ ಆರು ತುಂಬಿದೆ. ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ, ಆದರೆ ಎಲ್ಲರೂ ಕರೆಯುವುದು ಕಡ್ಡಿ ಎಂದು. ಅಷ್ಟು ತೆಳ್ಳಗಿದ್ದಾಳೆ. ಬಾಗಿಲ ಹಿಂದೆ ನಿಂತು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

‘ಪಟ್ಟಣದ ಶಾಲೆಗೆ ಹಾಕೋಣ ಅಂತಿದ್ವಿ ಮೇಷ್ಟ್ರೇ,’ ಎಂದರು ಅವಳ ಅಮ್ಮ. ‘ಆದರೆ ಬಸ್ಸಲ್ಲಿ ಮುಕ್ಕಾಲು ಗಂಟೆ. ಇವಳು ನೋಡಿದ್ರೆ ಇಷ್ಟೇ ಇಷ್ಟಿದ್ದಾಳೆ.’

‘ಹೋಗೋಕೆ ಮುಕ್ಕಾಲು, ಬರೋಕೆ ಮುಕ್ಕಾಲು. ದಿನಾ ಒಂದೂವರೆ ಗಂಟೆ ಬಸ್ಸಿನ ಪಾಲು,’ ಎಂದೆ. ‘ಅಲ್ಲಿ ಮೂವತ್ತು ಮಕ್ಕಳಿಗೆ ಒಬ್ಬರು ಟೀಚರ್. ಇಲ್ಲಿ ಒಬ್ಬಳಿಗೇ ಒಬ್ಬ ಮೇಷ್ಟ್ರು. ಯಾವ ಶಾಲೇಲಿ ಸಿಗುತ್ತೆ ಹೇಳಿ.’

ಆಪರೇಟರು ನಕ್ಕರು. ‘ರಾಜಕುಮಾರಿ ಥರ ಓದ್ತಾಳೆ ಬಿಡು,’ ಎಂದು ಹೆಂಡತಿಗೆ ಹೇಳಿ ಅರ್ಜಿಗೆ ಸಹಿ ಹಾಕಿದರು.

ದಾರಿಯಲ್ಲಿ ಏನನ್ನೋ ಎತ್ತಿಕೊಂಡು ಬಂದವನ ಹಾಗೆ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡೆ. ಅರ್ಜಿ ಅಲ್ಲೇ ಇತ್ತು.

ಮೇ ೮, ಗುರುವಾರ

ಮೊದಲೆರಡು ತಿಂಗಳ ಯೋಜನೆ ಮುಗಿಯಿತು. ಅಕ್ಷರಮಾಲೆಯ ಕ್ರಮದಲ್ಲಿ ನಾನು ಯಾವತ್ತೂ ಹೋದವನಲ್ಲ. ಮೊದಲು ರ, ಗ, ಸ, ದ, ಅ. ಕೈಗೆ ಸುಲಭವಾಗಿ ಬರುವ ದುಂಡು ಅಕ್ಷರಗಳು. ಐದೇ ಅಕ್ಷರ ಬಂದರೂ ಸರ, ದರ, ಅಗಸ, ಅರಸ ಎಂದು ಓದಬಹುದು. ಓದು ಬಂತು ಎಂದು ಮಗುವಿಗೆ ಮೊದಲ ವಾರವೇ ಅನ್ನಿಸಬೇಕು. ಆಮೇಲೆ ಒತ್ತಕ್ಷರಕ್ಕೂ ಹೆದರುವುದಿಲ್ಲ.

ರಜೆಯಿದ್ದರೂ ಶಾಲೆಯ ಬಾಗಿಲು ತೆಗೆದು ಕೂತಿದ್ದೆ. ಕಡ್ಡಿ ತಾನಾಗಿಯೇ ಬಂದಳು. ಸೀಮೆಸುಣ್ಣ ಕೊಟ್ಟೆ. ನೆಲದ ಮೇಲೆ ಬಾಗಿಲಿನಿಂದ ಕಿಟಕಿಯವರೆಗೆ ‘ರ’ ಬರೆದಳು. ಒಂದಕ್ಕಿಂತ ಒಂದು ದೊಡ್ಡದು. ಕೊನೆಯ ‘ರ’ದೊಳಗೆ ಅವಳೇ ಕೂರಬಹುದಿತ್ತು, ಕೂತಳು ಕೂಡ.

ಹನ್ನೊಂದು ಗಂಟೆಗೆ ಚಹಾ ಮಾಡಿದೆ. ಎರಡು ಲೋಟ ಬಗ್ಗಿಸಿ ಒಂದನ್ನು ದೊಡ್ಡ ಟೀಚರ ಮೇಜಿನ ಮೇಲಿಟ್ಟೆ. ಅವರು ನಿವೃತ್ತರಾಗಿ ಮಗನ ಮನೆಗೆ ಹೋಗಿ ಮೂರು ವರ್ಷವಾಯಿತು. ಇಬ್ಬರ ಅಳತೆಗೆ ಕೈ ಕೂತುಬಿಟ್ಟಿದೆ, ಕಡಿಮೆ ಮಾಡಲು ಬರುವುದಿಲ್ಲ. ಎರಡನ್ನೂ ನಾನೇ ಕುಡಿದೆ.

ಮೇ ೧೧, ಭಾನುವಾರ

ತಂಗಿಯ ಫೋನು. ಪ್ರತಿ ಭಾನುವಾರ ಬರುತ್ತದೆ, ಅದೇ ಪ್ರಶ್ನೆಗಳು.

‘ಅಣ್ಣ, ಅಲ್ಲಿ ಯಾರ ಜೊತೆ ಮಾತಾಡ್ತೀಯ ನೀನು?’

‘ಎಲ್ಲರ ಜೊತೆ.’

‘ಎಲ್ಲರೂ ಅಂದ್ರೆ?’

ಆಪರೇಟರ ಹೆಸರು ಹೇಳಿದೆ. ಹಾಲಿನವನ ಹೆಸರು ಹೇಳಿದೆ. ಹಾಲಿನವನು ಈಗ ಬರುವುದಿಲ್ಲ, ಅದನ್ನು ಅವಳಿಗೆ ಹೇಳಬೇಕಿರಲಿಲ್ಲ. ತನ್ನ ಮನೆಯಲ್ಲಿ ಮಹಡಿಯ ಕೋಣೆ ಖಾಲಿ ಇದೆ ಎಂದಳು. ಶಾಲೆ ಇದೆಯಲ್ಲ, ಬಿಟ್ಟು ಬರುವುದು ಹೇಗೆ ಎಂದೆ. ಆಮೇಲೆ ಕುಕ್ಕರ್ ಕೂಗಿತು, ಅವಳು ಹೋದಳು.

ಮೇ ೧೩, ಮಂಗಳವಾರ

ಅಂಕಿಗಳು. ವರ್ಷದ ಕೊನೆಗೆ ತೊಂಬತ್ತೊಂಬತ್ತರ ತನಕ ಬರಬೇಕು. ಕಡ್ಡಿಗೆ ಈಗಲೇ ಇಪ್ಪತ್ತು ಬರುತ್ತದೆ. ಎಣಿಸಲು ತರಗತಿಯ ಪುಟ್ಟ ಕುರ್ಚಿಗಳನ್ನೇ ತೋರಿಸಿದೆ. ಇಪ್ಪತ್ತನಾಲ್ಕು ಇವೆ. ಎಲ್ಲವನ್ನೂ ಮುಟ್ಟಿ ಎಣಿಸಿದವಳು ಕೇಳಿದಳು:

‘ಇವರೆಲ್ಲ ಯಾವಾಗ ಬರ್ತಾರೆ?’

‘ಯಾರು?’

‘ಇದರ ಮೇಲೆ ಕೂರೋರು.’

‘ಶಾಲೆ ಶುರುವಾಗಲಿ,’ ಎಂದೆ.

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಮೇ ೧೫, ಗುರುವಾರ

ಮೂರನೇ ಭಾಗಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಇಲಾಖೆಯ ನಮೂನೆಯಲ್ಲಿ ಅದಕ್ಕೆ ‘ಕೂಡಿ ಬಾಳುವುದು’ ಎಂಬ ತಲೆಬರಹವಿದೆ. ಸರದಿಯಲ್ಲಿ ನಿಲ್ಲುವುದು. ಪಕ್ಕದವರೊಡನೆ ರಬ್ಬರು ಹಂಚಿಕೊಳ್ಳುವುದು. ತನ್ನ ಸರದಿ ಬರುವ ತನಕ ಕಾಯುವುದು. ಸೋತಾಗ ಅಳದಿರುವುದು, ಗೆದ್ದಾಗ ಅಣಕಿಸದಿರುವುದು. ವರ್ಷವರ್ಷವೂ ಇದಕ್ಕೆಲ್ಲ ‘ದೈನಂದಿನ ಚಟುವಟಿಕೆಗಳ ಮೂಲಕ’ ಎಂದು ಅರ್ಧ ಸಾಲು ಬರೆದು ಮುಂದೆ ಹೋಗುತ್ತಿದ್ದೆ. ಮಕ್ಕಳು ತಮ್ಮ ತಮ್ಮಲ್ಲೇ ಕಲಿತುಕೊಳ್ಳುತ್ತಿದ್ದರು, ನಾನು ಕಲಿಸಿದೆ ಅಂದುಕೊಂಡಿದ್ದೆ.

ಇವತ್ತು ಕಡ್ಡಿಗೆ ಸರದಿ ಕಲಿಸಲು ನೋಡಿದೆ. ನೀರಿನ ಹೂಜಿಯ ಮುಂದೆ ನಾನು ನಿಂತೆ, ಅವಳು ನನ್ನ ಹಿಂದೆ. ಆಮೇಲೆ ಅವಳು ಮುಂದೆ, ನಾನು ಹಿಂದೆ.

‘ಯಾಕೆ ನಿಂತಿದ್ದೀವಿ ಮೇಷ್ಟ್ರೇ?’

‘ಸಾಲು.’

‘ಯಾರೂ ಇಲ್ವಲ್ಲ, ಕುಡಿದುಬಿಡೋಣ.’

ವೃತ್ತದ ಆಟವನ್ನೂ ನೋಡಿದೆ. ಇಬ್ಬರು ಕೈ ಹಿಡಿದರೆ ವೃತ್ತವಾಗುವುದಿಲ್ಲ, ಗೆರೆಯಾಗುತ್ತದೆ. ಮೊಣಕಾಲು ಬೇರೆ ನೋಯುತ್ತಿದೆ.

ಮೇ ೧೯, ಸೋಮವಾರ

ಕಡ್ಡಿ ಕುರ್ಚಿಗಳಿಗೆ ಹೆಸರಿಟ್ಟಿದ್ದಾಳೆ. ಬೆಳಿಗ್ಗೆ ಹಾಜರಿ ಕರೆದಳು. ಕಿಟಕಿ ಪಕ್ಕದ್ದಕ್ಕೆ ಜ್ವರ. ಕಾಲು ಅಲ್ಲಾಡುವ ಕುರ್ಚಿ ಹೋಂವರ್ಕ್ ಮಾಡಿಲ್ಲ. ಮುಂದಿನ ಸಾಲಿನ ಹಸಿರು ಕುರ್ಚಿಯ ಕಡೆ ಬೆನ್ನು ತಿರುಗಿಸಿ ಕೂತಿದ್ದಳು.

‘ಯಾಕಮ್ಮ?’ ಎಂದೆ.

‘ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.’

ಇಲ್ಲದವರ ಜೊತೆ ಇಷ್ಟು ಹೊತ್ತು ಮಾತಾಡಲು ಮಕ್ಕಳಿಗೇ ಸಾಧ್ಯ. ನಗು ಬಂತು. ಸಂಜೆ ಬೀಗ ಹಾಕುವಾಗ ‘ನೋಡಿದ್ರಾ ಟೀಚರ್, ಹೇಗಿದ್ದಾಳೆ ಹುಡುಗಿ’ ಎಂದು ದೊಡ್ಡ ಟೀಚರ ಮೇಜಿಗೆ ಹೇಳಿ ಬಂದೆ.

ಮೇ ೨೧, ಬುಧವಾರ

ಚಿತ್ರಪಟಗಳನ್ನು ಎರವಲು ತರಲು ಬಸ್ಸು ಹತ್ತಿ ಪಟ್ಟಣದ ಶಾಲೆಗೆ ಹೋಗಿದ್ದೆ. ಒಂದನೇ ತರಗತಿಯ ಟೀಚರು ಸ್ಟೂಲಿನ ಮೇಲೆ ಹತ್ತಿ ಗೋಡೆಗೆ ಕಾಗದದ ಮೀನುಗಳನ್ನು ಅಂಟಿಸುತ್ತಿದ್ದರು. ಮೂವತ್ತೊಂದು ಮೀನು, ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು. ಚಿಕ್ಕ ವಯಸ್ಸು, ಚುರುಕು ಮಾತು, ಬಾಯಲ್ಲಿ ಟೇಪಿನ ತುಂಡು.

‘ನಿಮ್ಮಲ್ಲಿ ಎಷ್ಟು ಮಕ್ಕಳು ಸಾರ್?’

‘ಈ ವರ್ಷ ಸ್ವಲ್ಪ ಕಡಿಮೆ.’

‘ಪುಣ್ಯವಂತರು ನೀವು. ನನಗೆ ಜಗಳ ಬಿಡಿಸೋದ್ರಲ್ಲೇ ಅರ್ಧ ದಿನ ಹೋಗುತ್ತೆ. ಇವನು ಚಿವುಟಿದ, ಅವಳು ನೂಕಿದಳು, ಇವಳು ಅವಳ ಪಕ್ಕ ಕೂರಲ್ಲ. ಮಾರನೇ ದಿನ ನೋಡಿದ್ರೆ ಅವರೇ ಹೆಗಲ ಮೇಲೆ ಕೈ ಹಾಕ್ಕೊಂಡು ಬರ್ತಾರೆ.’

ಹಣ್ಣಿನ ಪಟ, ಪ್ರಾಣಿಗಳ ಪಟ ಎರಡನ್ನೂ ಕೊಟ್ಟರು. ಬಸ್ಸಿನಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕಡ್ಡಿ ಯಾರನ್ನು ಚಿವುಟುತ್ತಾಳೆ ಎಂಬ ಯೋಚನೆ ಬಂತು. ನಿಲ್ದಾಣ ಬಂದದ್ದೇ ತಿಳಿಯಲಿಲ್ಲ, ಕಂಡಕ್ಟರು ಕೂಗಿ ಇಳಿಸಿದರು.

ಮೇ ೨೨, ಗುರುವಾರ

ಬರೆಯಲಾಗಲಿಲ್ಲ. ‘ಕೂಡಿ ಬಾಳುವುದು’ ಹಾಗೆಯೇ ಖಾಲಿ.

ಮೇ ೨೪, ಶನಿವಾರ

ಪ್ಯಾನೆಲ್ಲು ಕೆಟ್ಟಿದೆಯೆಂದು ಪಟ್ಟಣದಿಂದ ಎಲೆಕ್ಟ್ರಿಷಿಯನ್ ವ್ಯಾನಿನಲ್ಲಿ ಬಂದಿದ್ದ. ಜೊತೆಗೆ ಅವನ ಮಗಳು. ಏಳು ವರ್ಷವಿರಬಹುದು, ಎರಡು ಜಡೆ, ಕೆಂಪು ಶೂ. ಕಡ್ಡಿ ಅವಳನ್ನು ಮೊದಲು ಗಿಡದ ಹಿಂದಿನಿಂದ ನೋಡಿದಳು, ಆಮೇಲೆ ಗೇಟಿನ ಸಂದಿಯಿಂದ. ಕೊನೆಗೆ ಓಡಿ ಹೋಗಿ ಕೈ ಹಿಡಿದು ಶಾಲೆಗೆ ಎಳೆದುಕೊಂಡು ಬಂದಳು. ಮುಖ ಹೊಳೆಯುತ್ತಿತ್ತು. ನಾನು ಒಳಗೆ ಬೀರು ಜೋಡಿಸುತ್ತಿದ್ದೆ, ಕಂಡೂ ಕಾಣದವನ ಹಾಗಿದ್ದೆ.

ಹುಡುಗಿಯನ್ನು ಹಸಿರು ಕುರ್ಚಿಯ ಮೇಲೆ ಕೂರಿಸಿದಳು. ಎದುರಿಗೆ ನಿಂತಳು. ಒಂದು ಸಣ್ಣ ಕೆಮ್ಮು ಕೆಮ್ಮಿದಳು.

‘ಕೈ ಕಟ್ಟು. ಕಿಟಕಿ ಕಡೆ ನೋಡಬೇಡ. ನಾನು ಹೇಳಿದ ಮೇಲೆ ಹೇಳು. ರ.’

ಹುಡುಗಿ ತನ್ನ ಕೆಂಪು ಶೂ ನೋಡಿಕೊಂಡಳು.

‘ಗಮನ ಎಲ್ಲಿದೆ? ರ.’

‘ನಂಗೆ ಬರುತ್ತೆ ಅದು,’ ಎಂದಳು ಹುಡುಗಿ. ‘ಆಟ ಆಡೋಣ್ವಾ?’

‘ಮೊದಲು ಪಾಠ. ನೆಟ್ಟಗೆ ಕೂತ್ಕೋ.’

ನೆಟ್ಟಗೆ ಕೂರಿಸಲು ಅವಳ ಭುಜ ಹಿಡಿದಳು. ಹುಡುಗಿ ಕೈ ಕೊಸರಿಕೊಂಡು ಹೊರಗೆ ಹೋದಳು. ವ್ಯಾನಿನಲ್ಲಿ ಕೂತು ಗಾಜು ಏರಿಸಿಕೊಂಡಳು. ಅವಳಪ್ಪನ ಕೆಲಸ ಮುಗಿಯುವವರೆಗೂ ಇಳಿಯಲಿಲ್ಲ. ಕಡ್ಡಿ ಗಾಜಿನ ಹತ್ತಿರ ನಿಂತೇ ಇದ್ದಳು. ಬೇರೆ ಏನು ಹೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ರ, ಗ, ಸ, ದ, ಅ ಎಂದು ಹೇಳಿದಳು.

ವ್ಯಾನು ಹೋದ ಮೇಲೆ ಬಂದು ನನ್ನ ಪಕ್ಕ ಕೂತಳು.

‘ನಾನೇನು ತಪ್ಪು ಮಾಡಿದೆ ಮೇಷ್ಟ್ರೇ?’

ಮಾತಿಗೆ ಮೊದಲು ನಾನು ಕೆಮ್ಮುತ್ತೇನೆ ಎಂಬುದು ನನಗೆ ಇವತ್ತೇ ಗೊತ್ತಾದದ್ದು.

ಮೇ ೨೫, ಭಾನುವಾರ

ತಂಗಿಯ ಫೋನು ಎತ್ತಲಿಲ್ಲ.

ಮೇ ೨೬, ಸೋಮವಾರ

ಬೆಳಿಗ್ಗೆ ಇನ್ಸ್‌ಪೆಕ್ಟರು ಫೋನು ಮಾಡಿದ್ದರು. ‘ಒಂದು ಮಗು ಸಿಕ್ತಂತಲ್ಲ. ಏನೋ ನಾಲ್ಕು ಸಾಲು ಗೀಚಿ ಕಳಿಸಿ ಮೇಷ್ಟ್ರೇ, ಯಾರೂ ಓದಲ್ಲ. ಇನ್ನೊಂದು ವರ್ಷ ನಿಮಗೆ ಚಿಂತೆ ಇಲ್ಲ.’ ಆಗಲಿ ಎಂದೆ.

ಸಂಜೆ ಆಪರೇಟರ ಮನೆಗೆ ಹೋದೆ. ಹೇಳಬೇಕಾದದ್ದನ್ನು ದಾರಿಯಲ್ಲೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಎಲ್ಲವೂ ಕಲೆಸಿಹೋಯಿತು.

‘ಕಡ್ಡೀನ ಪಟ್ಟಣದ ಶಾಲೆಗೆ ಹಾಕಿ,’ ಎಂದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ‘ಮೊನ್ನೆ ನೀವೇ ಬಂದು ಸಹಿ ಹಾಕಿಸ್ಕೊಂಡ್ರಲ್ಲ,’ ಎಂದರು ಆಪರೇಟರು. ‘ನಮ್ಮ ಹುಡುಗಿ ಏನಾದ್ರೂ ಮಾಡಿದ್ಲಾ?’

‘ಇಲ್ಲ ಇಲ್ಲ. ಓದು ಬರಹ ಎಲ್ಲ ನಾನು ಕಲಿಸ್ತೀನಿ. ಉಳಿದಿದ್ದು ನನ್ನ ಕೈಲಾಗಲ್ಲ. ಅದಕ್ಕೆ ಅವಳ ಅಳತೆಯವರು ಬೇಕು.’

‘ಅಂದ್ರೆ?’

ಶನಿವಾರದ ಸಂಗತಿ ಹೇಳಿದೆ. ಅವಳ ಅಮ್ಮ ಅಡುಗೆಮನೆಯ ಕಡೆ ತಿರುಗಿ ನಿಂತರು. ‘ಮನೇಲೂ ಹಾಗೇ ಮೇಷ್ಟ್ರೇ,’ ಎಂದರು. ‘ಗೋಡೆ ಜೊತೆ ಮಾತಾಡ್ತಾಳೆ. ನಾನು ಯಾರಿಗೂ ಹೇಳಿರಲಿಲ್ಲ.’

ಆಪರೇಟರು ಮೆಲ್ಲಗೆ ಕೇಳಿದರು: ‘ಹಾಗಾದ್ರೆ ನಿಮ್ಮ ಶಾಲೆ?’

‘ಶಾಲೆಗೇನು, ಕಟ್ಟಡ ಗಟ್ಟಿಯಾಗಿದೆ,’ ಎಂದೆ. ಕೇಳಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಬಸ್ಸಿನ ಭಯ ಅವಳ ಅಮ್ಮನಿಗೆ. ಅಭ್ಯಾಸವಾಗುವ ತನಕ ನಾನೇ ಜೊತೆಗೆ ಹೋಗಿ ಬರುತ್ತೇನೆ ಎಂದು ಒಪ್ಪಿಸಿದೆ.

ಮೇ ೨೭, ಮಂಗಳವಾರ

ನಮೂನೆಯಲ್ಲಿ ‘ಮಕ್ಕಳ ಸಂಖ್ಯೆ’ ಎಂಬಲ್ಲಿ ಸೊನ್ನೆ ಬರೆದೆ. ಸೊನ್ನೆ ಬರೆಯುವುದನ್ನು ಇಪ್ಪತ್ಮೂರು ವರ್ಷ ಕಲಿಸಿದ್ದೇನೆ: ಮೇಲಿನಿಂದ ಶುರು ಮಾಡಿ, ಎಡಕ್ಕೆ ಸುತ್ತಿಸಿ, ಹೊರಟಲ್ಲಿಗೇ ತಂದು ಮುಚ್ಚಬೇಕು. ನನ್ನದು ಮುಚ್ಚಲೇ ಇಲ್ಲ, ತಿದ್ದಿದೆ. ಬೆಳಗಿನ ಬಸ್ಸಿನಲ್ಲಿ ಇಲಾಖೆಗೆ ಕಳಿಸಿದೆ.

ಮಧ್ಯಾಹ್ನ ಇನ್ಸ್‌ಪೆಕ್ಟರ ಫೋನು. ‘ತಲೆ ನೆಟ್ಟಗಿದೆಯಾ ಮೇಷ್ಟ್ರೇ? ನಿನ್ನೆ ಆಗಲಿ ಅಂದ್ರಿ.’ ನನ್ನನ್ನು ಬೇರೆ ಶಾಲೆಗೆ ಹಾಕುವ ಆದೇಶಕ್ಕೆ ಸಮಯ ಹಿಡಿಯುತ್ತದಂತೆ, ಅಲ್ಲಿಯವರೆಗೆ ಕೆಲಸವಿಲ್ಲದೆ ಇರಬೇಕಂತೆ. ಕಾಲೊನಿಯ ಮನೆಯನ್ನು ಜುಲೈ ಕೊನೆಗೆ ಬಿಡಬೇಕು.

ಮೇ ೨೯, ಗುರುವಾರ

ಚಿತ್ರಪಟ ಹಿಂದಿರುಗಿಸಲು ಪಟ್ಟಣದ ಶಾಲೆಗೆ ಹೋದೆ. ನನ್ನ ಯೋಜನೆಯನ್ನೂ ಒಯ್ದಿದ್ದೆ. ನಿನ್ನೆ ಕೂತು ಎಲ್ಲ ತಿಂಗಳುಗಳನ್ನೂ ಬರೆದು ಮುಗಿಸಿದ್ದೆ, ಯಾರೂ ಕೇಳದಿದ್ದರೂ. ಜೊತೆಗೆ ಹೀಗೂ ಬರೆದಿದ್ದೆ: ಕಡ್ಡಿಗೆ ಐದು ಅಕ್ಷರ ಚೆನ್ನಾಗಿ ಬರುತ್ತದೆ. ಮೂವತ್ತೆರಡರ ತನಕ ಎಣಿಸುತ್ತಾಳೆ, ಹತ್ತೊಂಬತ್ತನ್ನು ಮಾತ್ರ ಹಾರಿಸುತ್ತಾಳೆ. ಎಡಗೈ ಚುರುಕು, ತಿದ್ದಬೇಡಿ. ಮೊದಮೊದಲು ಬೇರೆ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾಳೆ, ಬೈಯಬೇಡಿ. ಸರದಿ ಎಂದರೇನೆಂದು ಅವಳಿಗೆ ಗೊತ್ತಿಲ್ಲ.

ಟೀಚರು ನಿಂತುಕೊಂಡೇ ಓದಿದರು, ಹಾಳೆ ತಿರುಗಿಸಿ ಕೊನೆಯವರೆಗೂ ಓದಿದರು.

‘ಇದು ಯೋಜನೆ ಅಲ್ಲ ಸಾರ್,’ ಎಂದರು. ‘ಕಾಗದ ಬರೆದಿದ್ದೀರಿ.’

ತಪ್ಪಾಯಿತೇನೋ ಎಂದು ಕೈ ಚಾಚಿದೆ. ಅವರು ವಾಪಸ್ಸು ಕೊಡಲಿಲ್ಲ. ‘ಮಕ್ಕಳು ಕಡಿಮೆ ಅಂದಿದ್ರಲ್ಲ, ಎಷ್ಟಿದ್ರು?’

‘ಇವಳೊಬ್ಬಳೇ.’

ಅವರು ಡ್ರಾಯರಿನಿಂದ ಕತ್ತರಿ ತೆಗೆದು ನೀಲಿ ಕಾಗದದಲ್ಲಿ ಇನ್ನೊಂದು ಮೀನು ಕತ್ತರಿಸತೊಡಗಿದರು. ‘ಹೆಸರು ಪೂರ್ತಿ ಹೇಳಿ,’ ಎಂದರು.

ಜೂನ್ ೨, ಸೋಮವಾರ

ಕಡ್ಡಿ ಮುಕ್ಕಾಲು ಗಂಟೆಯೂ ನನ್ನ ಕಿರುಬೆರಳು ಹಿಡಿದೇ ಕೂತಿದ್ದಳು. ಶಾಲೆಯ ಗೇಟಿನಲ್ಲಿ ಬೆರಳು ಬಿಡಿಸಬೇಕಾಯಿತು. ಅತ್ತಳು. ಟೀಚರು ಎತ್ತಿಕೊಂಡು ಹೋದರು.

ವಾಪಸ್ಸು ಬಸ್ಸು ಇರುವುದು ನಾಲ್ಕಕ್ಕೆ. ಎದುರಿನ ಬಸ್ ತಂಗುದಾಣದಲ್ಲಿ ಕೂತಿದ್ದೆ. ಬ್ರೆಡ್ಡು ತಿಂದೆ. ಒಳಗಿನಿಂದ ಮೂವತ್ತೆರಡು ಮಕ್ಕಳ ಗದ್ದಲ ಕೇಳುತ್ತಿತ್ತು. ಅದರಲ್ಲಿ ಇವಳದು ಯಾವುದೆಂದು ತಿಳಿಯಲು ಎಷ್ಟು ಹೊತ್ತು ಪ್ರಯತ್ನಿಸಿದರೂ ಆಗಲಿಲ್ಲ.

ಜೂನ್ ೪, ಬುಧವಾರ

ಅಳಲಿಲ್ಲ. ಮಾತೂ ಆಡಲಿಲ್ಲ. ಹೋಗುವಾಗಲೂ ಬರುವಾಗಲೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ನಾನು ಮಾಡಿದ್ದು ಸರಿಯೋ ತಪ್ಪೋ. ಕೇಳಲು ಯಾರಿದ್ದಾರೆ?

ಜೂನ್ ೬, ಶುಕ್ರವಾರ

ಬಸ್ಸು ಹತ್ತಿದವಳೇ ತೋಳು ಚಾಚಿ ತೋರಿಸಿದಳು. ಕೆಂಪಗೆ ಎರಡು ಉಗುರಿನ ಗುರುತು.

‘ನನ್ನ ಪಕ್ಕ ಕೂರೋಳು ಚಿವುಟಿದಳು ಮೇಷ್ಟ್ರೇ. ನಾನೂ ಚಿವುಟಿದೆ. ಜೋರಾಗಿ.’

‘ಆಮೇಲೆ?’

‘ಟೀಚರ್ ಇಬ್ಬರನ್ನೂ ನಿಲ್ಲಿಸಿದ್ರು. ಒಟ್ಟಿಗೇ ನಿಂತಿದ್ವಿ.’

ನಿಂತದ್ದನ್ನು ಅವಳು ಹೇಳಿದ ರೀತಿಗೆ ನನಗೆ ಎದೆ ತುಂಬಿ ಬಂತು. ಹಾಗೆಲ್ಲ ಚಿವುಟಬಾರದು ಎಂದೆ, ಹೇಳಬೇಕಲ್ಲ.

ಜೂನ್ ೮, ಭಾನುವಾರ

ತಂಗಿಗೆ ನಾನೇ ಫೋನು ಮಾಡಿದೆ. ಶಾಲೆ ಮುಚ್ಚಿದ್ದು ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿರಲಿಲ್ಲ. ಮಹಡಿಯ ಕೋಣೆಗೆ ಕಿಟಕಿ ಎಷ್ಟು ಎಂದು ಕೇಳಿದೆ. ಎರಡಂತೆ.

ಜೂನ್ ೧೦, ಮಂಗಳವಾರ

ಬೆಳಿಗ್ಗೆ ಬಸ್ಸಿನಲ್ಲಿ ಎಂದಿನ ಹಾಗೆ ಕಡ್ಡಿಯ ಪಕ್ಕ ಕೂತೆ. ಮೂರನೇ ನಿಲ್ದಾಣ ಹತ್ತಿರವಾದಂತೆ ಅವಳು ಚಡಪಡಿಸತೊಡಗಿದಳು.

‘ಮೇಷ್ಟ್ರೇ, ನೀವು ಹಿಂದೆ ಕೂತ್ಕೊಳಿ. ಇವತ್ತಿಂದ ಅವಳೂ ಈ ಬಸ್ಸಲ್ಲೇ ಬರ್ತಾಳೆ, ಇಲ್ಲಿ ಕೂರ್ತಾಳೆ.’

‘ಯಾರು?’

‘ಚಿವುಟಿದ್ಲಲ್ಲ, ಅವಳು.’

ಎದ್ದು ಹಿಂದಿನ ಸೀಟಿಗೆ ಹೋದೆ. ಒಂದು ಸೀಟು ಹಿಂದೆ ಹೋಗಲು ಇಷ್ಟು ಹೊತ್ತು ಬೇಕೆ ಎಂದು ಕಂಡಕ್ಟರು ಕೇಳಿದರು. ಆ ಹುಡುಗಿ ಹತ್ತಿದಳು. ಅವಳ ಹಿಂದೆಯೇ ಹತ್ತಿದ ಮುದುಕರನ್ನೂ ಕಡ್ಡಿಯ ಪಕ್ಕ ಕೂರಲು ಬಿಡದೆ ಹುಡುಗಿಯರಿಬ್ಬರೂ ಸೇರಿ ಹಿಂದಕ್ಕೆ ಕಳಿಸಿದರು. ಅವರು ಬಂದು ನನ್ನ ಪಕ್ಕ ಕೂತರು.

‘ನನ್ನ ಮೊಮ್ಮಗಳು,’ ಎಂದರು. ‘ನಿಮ್ಮನ್ನೂ ಓಡಿಸಿದ್ರಾ?’

‘ಓಡಿಸಿದ್ರು.’

‘ನಿಮ್ಮ ಮೊಮ್ಮಗಳಾ ಅದು?’

‘ಅಲ್ಲ. ನಾನು ಅವಳ ಮೇಷ್ಟ್ರು. ಆಗಿದ್ದೆ.’

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ಮುಖವನ್ನಲ್ಲ, ತಲೆಯನ್ನು. ‘ಈ ಕೂದಲು ಯಾರು ಕತ್ತರಿಸಿದ್ದು?’

‘ನಾನೇ.’

‘ಗೊತ್ತಾಯ್ತು,’ ಎಂದರು. ನಲವತ್ತು ವರ್ಷ ಕ್ಷೌರದಂಗಡಿ ಇಟ್ಟಿದ್ದರಂತೆ. ಅಂಗಡಿ ಬಿಟ್ಟು ಆರು ವರ್ಷವಾಗಿದೆ, ಆದರೂ ಕತ್ತರಿ ಬಾಚಣಿಗೆ ಸದಾ ಚೀಲದಲ್ಲೇ ಇರುತ್ತವೆ. ಪಟ್ಟಣ ಬರುವ ತನಕ ಮಾತಾಡಿದರು. ಅವರ ಮೊಣಕಾಲು, ನನ್ನ ಮೊಣಕಾಲು, ಕಂಡಕ್ಟರ ಬಾಯಿ, ಎಲ್ಲ ಬಂತು. ಮುಂದಿನ ಸೀಟಿನಲ್ಲಿ ಎರಡು ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಏನು ಮಾತೆಂದು ಕೇಳಿಸಲಿಲ್ಲ.

ಮಧ್ಯಾಹ್ನ ತಮ್ಮ ಕೆಲಸವೆಲ್ಲ ಮುಗಿಸಿ ಅವರು ತಂಗುದಾಣಕ್ಕೇ ಬಂದರು. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದರು. ಆಮೇಲೆ ಪೇಪರು ಹರಡಿ ‘ಕೂತ್ಕೊಳಿ, ನೋಡೋಕಾಗ್ತಿಲ್ಲ ನನಗೆ’ ಎಂದು ನನ್ನ ಹೆಗಲಿಗೆ ಟವೆಲು ಸುತ್ತಿದರು. ರಸ್ತೆಯಲ್ಲೇ, ಎಲ್ಲರೆದುರು. ಬೇಡ ಎನ್ನುವಷ್ಟರಲ್ಲಿ ಬೆರಳುಗಳು ತಲೆಯನ್ನು ಹಿಡಿದು ಬಲಕ್ಕೆ ತಿರುಗಿಸಿದವು. ನನ್ನ ತಲೆಯನ್ನು ಬೇರೊಬ್ಬರು ಮುಟ್ಟಿ ಎಷ್ಟು ವರ್ಷವಾಯಿತೋ. ಕಣ್ಣು ಒದ್ದೆಯಾಯಿತು. ಕೂದಲು ಬಿದ್ದಿರಬೇಕು.

ಬಲಗಡೆ ಮುಗಿಯುವಷ್ಟರಲ್ಲಿ ಶಾಲೆ ಬಿಟ್ಟಿತು, ಅದರ ಹಿಂದೆಯೇ ಬಸ್ಸು. ಕಡ್ಡಿ ಮತ್ತು ಆ ಹುಡುಗಿ ಕೈ ಹಿಡಿದುಕೊಂಡು ರಸ್ತೆ ದಾಟಿ ಬಂದವರು ನನ್ನನ್ನು ನೋಡಿ ನಿಂತರು. ‘ಅರ್ಧ ಮೇಷ್ಟ್ರು,’ ಎಂದಳು ಕಡ್ಡಿ. ಇಬ್ಬರೂ ಬಸ್ಸಿನ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಡಕ್ಟರು ಗದರಿಸಿ ಒಳಗೆ ಕಳಿಸಬೇಕಾಯಿತು.

ಇನ್ನು ಜೊತೆಗೆ ನಾನು ಬೇಕಾಗಿಲ್ಲ, ಹುಡುಗಿಗೆ ಅಭ್ಯಾಸವಾಯಿತು ಎಂದು ಸಂಜೆ ಅವಳ ಅಮ್ಮನಿಗೆ ಹೇಳಿ ಬಂದಿದ್ದೇನೆ. ಆದರೆ ಎಡಗಡೆಯ ಕೂದಲು ಹಾಗೆಯೇ ಇದೆ. ಹೀಗೆ ಅರ್ಧಂಬರ್ಧ ತಲೆಯಲ್ಲಿ ಎಷ್ಟು ದಿನ ಇರಲಾಗುತ್ತದೆ. ನಾಳೆಯೊಂದು ದಿನ ಹೋಗಿಬರುತ್ತೇನೆ. ಬಿಸ್ಕತ್ತು ಈ ಸಲ ನಾನೇ ಒಯ್ಯಬೇಕು.